ಹೂಮಳೆಗೆ ಎಷ್ಟು ಸೆಂಟು

ಒಂಬತ್ತನೇ ತರಗತಿ, ಸಿದ್ದಾಪುರ, ಮಾರ್ಚ್ ಎರಡನೇ ವಾರ.
ಗದಗಿನಿಂದ ತಂದ ನನ್ನ ಹಳೇ ನೋಟ್ಸಿನಲ್ಲಿ
ಅಲಂಕಾರದ ಪಾಠ ಹದಿನೇಳನೇ ಪುಟ:
ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ,
ನಾಲ್ಕು ಕಂಬ ನೆಟ್ಟರೆ ಉಪಮೆಯ ಚಪ್ಪರ.
ಅದರಲ್ಲಿ 'ಅಂತೆ'ಯ ಕಂಬ ಕಿತ್ತು ನೋಡಿ,
ಚಪ್ಪರ ಬೀಳದೆ ನಿಂತರೆ ರೂಪಕ, ಎಂದೆ.
ಎಷ್ಟು ಚಂದ ಹೇಳಿದೆ ಎಂದು ನನಗೇ ಒಳಗೊಳಗೆ ಹಿಗ್ಗು.

ಬೋರ್ಡಿನ ಮೇಲೆ ಬರೆದೆ:
'ವೀರನ ಮೇಲೆ ದೇವತೆಗಳು ಹೂಮಳೆ ಸುರಿಸಿದರು.'
ಇಲ್ಲಿ ಹೂವೇ ಮಳೆ. ಹಾಗಾದರೆ ಯಾವ ಅಲಂಕಾರ?

ಎರಡನೇ ಬೆಂಚಿನಿಂದ ಪೊನ್ನವ್ವ ಎದ್ದಳು:
'ಎಷ್ಟು ಸೆಂಟು, ಸರ್?'
ಏನು ಎಷ್ಟು?
'ಹೂಮಳೆ. ನಮ್ಮಲ್ಲಿ ಮೊನ್ನೆ ಅರುವತ್ತು ಸೆಂಟು.
ಪಾಲಿಬೆಟ್ಟದ ಕಡೆ ಒಂದಿಂಚು ದಾಟಿದೆ.'
ಸುಹೈಲ್ ಕೂತಲ್ಲಿಂದಲೇ: 'ಅರುವತ್ತು ಸಾಲದು,
ಮೊಗ್ಗು ಕರಟಿಹೋಗ್ತದೆ, ಸ್ಪ್ರಿಂಕ್ಲರ್ ಹಾಕಬೇಕು.'
ತರಗತಿಗೆ ತರಗತಿಯೇ ಮಳೆಯ ಲೆಕ್ಕಕ್ಕೆ ಇಳಿಯಿತು.

ನನಗೆ ಗೊತ್ತಿರಲಿಲ್ಲ,
ಇಲ್ಲಿ ಹೂಮಳೆ ಎಂದರೆ ಹೂವಿನ ಮಳೆಯಲ್ಲ,
ಹೂವಿಗೆ ಮಳೆ.
ಷಷ್ಠಿಯಲ್ಲ, ಚತುರ್ಥಿ.
ಮಾಪಕದಲ್ಲಿ ಅಳೆದು, ರೈಟರ್ ಪುಸ್ತಕದಲ್ಲಿ ಬರೆದಿಟ್ಟು,
ಎಂಟನೇ ದಿನಕ್ಕೆ ಗಿಡವೇ ರುಜು ಹಾಕುವಂಥದ್ದು.

ರೈಟರ್ ಎಂದೆನಲ್ಲ,
ಪೋಷಕರ ಸಭೆಯಲ್ಲಿ ಒಬ್ಬರು 'ನಾನು ರೈಟರ್' ಎಂದಾಗ
'ಕಥೆಯೋ, ಕವಿತೆಯೋ?' ಎಂದು ಕೇಳಿ
ಸಭೆಯನ್ನೆಲ್ಲ ನಗಿಸಿದ್ದೆ.
ಅವರು ಬರೆಯುವುದು ಹಾಜರಿ, ಮೂಟೆ, ಮುಂಗಡ.
'ಲೈನಿನಲ್ಲಿ ಜಾಗ ಇಲ್ಲ' ಎಂದು ರಫಿಕುಲ್ ಅಂದಾಗ
'ಸಣ್ಣಕ್ಷರದಲ್ಲಿ ಬರಿ' ಎಂದಿದ್ದೆ.
ಅವನು ಆಡಿದ್ದು ಮನೆಯ ಮಾತು:
ಒಂದೇ ಉದ್ದ ಗೋಡೆಗೆ ಹತ್ತು ಬಾಗಿಲು,
ಅವನ ಬಾಗಿಲೊಳಗೆ ಒಂದು ಕೋಣೆ, ಎಂಟು ಜನ.

ಪುಸ್ತಕ ಮಡಚಿ ಕೇಳಿದೆ:
ಸರಿ, ನೀವೇ ಹೇಳಿ ಒಂದು ರೂಪಕ.
ಯಾರೂ ಇಲ್ಲ. ಫ್ಯಾನು ಮಾತ್ರ ಕಿರ್ರೆಂದಿತು.
ಕೊನೆಯ ಬೆಂಚಿನ ಪಾಲಿ,
ಆರು ತಿಂಗಳಿಂದ 'ಎಸ್ ಸರ್' ಬಿಟ್ಟು ಬೇರೇನೂ ಆಡದವಳು,
ಎದ್ದು ನಿಂತಳು. ಅವತ್ತು ತಡವಾಗಿ ಬಂದಿದ್ದಳು,
ಕಾರಣ ನಾನಿನ್ನೂ ಕೇಳಿರಲಿಲ್ಲ.
'ದೊಡ್ಡವರು ದಾರಿಯಲ್ಲಿ ನಿಂತಿದ್ದರು, ಸರ್.'

ಯಾರು? ಊರ ಹಿರಿಯರೇ? ತೋಟದ ಸಾಹುಕಾರರೇ?
ಈ ಸಲ ಯಾರೂ ನಗಲಿಲ್ಲ.
'ಹೆಸರು ಹಿಡಿದರೆ ಅವರಿಗೆ ಕೇಳಿಸ್ತದೆ ಅಂತ ಅಜ್ಜಿ ಹೇಳ್ತದೆ.
ನಮ್ಮ ಮಾವನ್ನ ಹೋದ ವರ್ಷ'
ಅಷ್ಟಕ್ಕೆ ಕುಳಿತಳು.

ಬೋರ್ಡಿನತ್ತ ತಿರುಗಿದೆ.
ಉಪಮಾನ: ದೊಡ್ಡವರು.
ಉಪಮೇಯ ಎಂದು ಬರೆದು, ಅದರ ಮುಂದೆ ಸೀಮೆಸುಣ್ಣ ಊರಿ
ಎಳೆಯಲೂ ಆಗಲಿಲ್ಲ, ಎತ್ತಲೂ ಆಗಲಿಲ್ಲ.
ಬರೆದರೆ ಎರಡೇ ಅಕ್ಷರ.
ಕಿಟಕಿಯಾಚೆ ಸಿಲ್ವರ್ ಓಕು, ಮೆಣಸಿನ ಬಳ್ಳಿ,
ಅದರಾಚೆ ಏನಿದೆಯೋ ಕಾಣದು.
ಅಲಂಕಾರ ಎಂದರೆ ಒಡವೆ, ಎಂದು ನನಗೆ ಕಲಿಸಿದ ಮೇಷ್ಟ್ರು
ಈ ದಾರಿಯಲ್ಲಿ ಶಾಲೆಗೆ ನಡೆದವರಲ್ಲ.
ಎರಡು ಚುಕ್ಕಿ ಇಟ್ಟೆ.
ಮಕ್ಕಳೂ ತಲೆ ಬಗ್ಗಿಸಿ
ಎರಡು ಚುಕ್ಕಿ ಬರೆದುಕೊಂಡರು.

ಮಳೆ ಬಿದ್ದ ಎಂಟನೇ ಬೆಳಿಗ್ಗೆ
ಬಸ್ಸಿಳಿದು ತಿರುವಿಗೆ ಬಂದರೆ
ಇಳಿಜಾರು ಪೂರ್ತಿ ಬಿಳಿ, ಮೂಗಿಗೆ ಮತ್ತು.
ನಮ್ಮ ಎರೆಹೊಲದಲ್ಲಿ ಹತ್ತಿ ಒಡೆದಂ...
ನಾಲಿಗೆ ತುದಿಯ 'ತೆ'ಯನ್ನು ಅಲ್ಲೇ ತಡೆದೆ.
ಹಿಂದಿನಿಂದ ಪೊನ್ನವ್ವ:
'ನೋಡಿದ್ರಾ ಸರ್, ಅರುವತ್ತು ಸೆಂಟಿಗೇ ಇಷ್ಟು!'
'ನಮ್ಮೂರಾಗ ಹತ್ತಿ ಹಿಂಗ ಒಡೀತದವ್ವ' ಅಂದುಬಿಟ್ಟೆ ಕೊನೆಗೆ.
'ಹತ್ತಿಗೂ ಆಮೇಲೆ ಬ್ಯಾಕಿಂಗ್ ಮಳೆ ಬೇಕಾ?'
ಬೇಡ, ಬಂದರೆ ಬೆಳೆ ಹಾಳು.
ಒಂದು ಕ್ಷಣ ಯೋಚಿಸಿದಳು.
'ಹಾಗಾದರೆ ಹೀಗೇ ಅಲ್ಲ, ಸರ್.'

ಹಾಜರಿ ಕರೆಯುವಾಗ
ಪಾಲಿಯ ಹೆಸರನ್ನು ಕೊನೆಗೆ ಇಟ್ಟುಕೊಂಡೆ.
ದಾರಿಯಲ್ಲಿ ಯಾರಿದ್ದಾರೋ.