ಹದಿನಾಲ್ಕನೇ ಮಂಚದ ಚಾರ್ಟು

ಬಾಂಬೋಳಿಯ ಆಸ್ಪತ್ರೆ, ಗಂಡಸರ ವಾರ್ಡು,
ಹದಿನಾಲ್ಕನೇ ಮಂಚ: ಕಾಯ್ತಾನ್ ರೆಬೆಲೊ.
ಎಪ್ಪತ್ತೊಂದು ವರ್ಷ. ಸಕ್ಕರೆ ಕಾಯಿಲೆ.
ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ.
ಹಡಗಿನಲ್ಲಿ ಅಡುಗೆ ಮಾಡಿದವನಂತೆ,
ನಾನು ಕುಡಿಸಿದ ಗಂಜಿ ನೆಲಕ್ಕೆ ಉಗುಳಿ
'ಘಾಂಟಿ' ಅಂದ.

ಝುವಾರಿನಗರದ ತಗಡಿನ ಮನೆಯಲ್ಲಿ
ಈ ಶಬ್ದ ಕೇಳುತ್ತಲೇ ಬೆಳೆದವಳು ನಾನು.
ಅಪ್ಪ ಇಟ್ಟಿಗೆ ಹೊತ್ತು ಕಟ್ಟಿದ ಮನೆಗಳ
ಗೇಟಿನಾಚೆ ಅವ್ವ ನೀರು ಕೇಳಿ ನಿಂತಾಗ
ನಾಯಿಗಿಂತ ಮೊದಲು ಬೊಗಳಿದ್ದು ಇದೇ ಶಬ್ದ.
ಯೂನಿಫಾರ್ಮಿನ ಇಸ್ತ್ರಿಗೆ ಅದು ಅಂಟದು ಅಂದುಕೊಂಡಿದ್ದೆ.

ಅವತ್ತು ಡ್ರೆಸ್ಸಿಂಗ್ ಬಿಚ್ಚುವಾಗ
ಒಣಗಿದ ಬಟ್ಟೆಗೆ ಸಲೈನು ಹನಿಸಿ
ನೆನೆಯಲು ಬಿಡಬೇಕು. ಗೊತ್ತಿತ್ತು.
ಬಿಡಲಿಲ್ಲ.
ಎಳೆದೆ.

ಅವನು ಕೂಗಲಿಲ್ಲ. ಮಂಚದ ಸರಳು ಹಿಡಿದ,
ಬೆರಳ ಗೆಣ್ಣುಗಳು ಬೆಳ್ಳಗಾದವು.
ನನ್ನೊಳಗೆ ಯಾರೋ ಒಬ್ಬಳು
ಹೊಟ್ಟೆ ತುಂಬ ಉಂಡವಳ ಹಾಗೆ ತೇಗಿದಳು.

ಇದನ್ನು ಸಿಸ್ಟರ್ ಎರ್ಮೆಲಿಂಡಾಗೆ ಹೇಳಿದ್ದು
ಲಿನನ್ ಕೋಣೆಯಲ್ಲಿ, ಚಾದರ ಎಣಿಸುವಾಗ,
ಮೂವತ್ತಾರು ಮೂವತ್ತೇಳರ ನಡುವೆ.
ಬೈಯುತ್ತಾರೆ, ಕಾಲೇಜು ಬಿಡಿಸುತ್ತಾರೆ,
ರೋಗಿಯಲ್ಲಿ ದೇವರನ್ನು ಕಾಣು ಅಂತಾರೆ ಎಂದು
ತಲೆ ತಗ್ಗಿಸಿ ನಿಂತರೆ
ಚಾದರದ ಇನ್ನೊಂದು ತುದಿ ನನ್ನ ಕೈಗಿಟ್ಟು
'ಮಡಿಚು' ಅಂದರು.
ಆಮೇಲೆ:
'ನಾನೊಬ್ಬಳನ್ನು ಚಿವುಟಿದ್ದೆ, ನಿನ್ನ ವಯಸ್ಸಿನಲ್ಲಿ.
ಮಾತು ನಿಂತುಹೋದ ಮುದುಕಿ.
ಯಾರಿಗೂ ಹೇಳಲಿಲ್ಲ.
ಹೇಳದ್ದಕ್ಕೇ ಇನ್ನೊಮ್ಮೆ ಚಿವುಟಿದೆ.'

ಕಿಟಕಿಯಾಚೆ ಹೆದ್ದಾರಿಯ ಲಾರಿ ಗೇರು ಬದಲಿಸಿತು.

'ಅವನನ್ನು ಪ್ರೀತಿಸು ಅಂತ ಯಾರೂ ಹೇಳಿಲ್ಲ, ಬಾಯ್.
ಅವನ ಜ್ವರ ಬರೆಯುವ ಹಾಗೆ ನಿನ್ನ ಸಿಟ್ಟನ್ನೂ ಬರೆ.
ನೂರು ದಾಟಿದ ದಿನ ನನ್ನನ್ನು ಕರೆ,
ಡ್ರೆಸ್ಸಿಂಗ್ ನಾನು ಬಿಚ್ಚುತ್ತೇನೆ.
ನಾಳೆ ಹೋಗಿ ಅವನಿಗೆ ಹೇಳು.
ಅವಸರವಾಯಿತು ಅಂತ ಅಲ್ಲ,
ಎಳೆದೆ ಅಂತ.'

ಹೇಳಿದೆ. ಕೊಂಕಣಿಯಲ್ಲಿ, ತಡವರಿಸಿ.
ಅವನು ಗೋಡೆಯ ಕಡೆ ಮುಖ ತಿರುಗಿಸಿ
'ಗೊತ್ತಿತ್ತು' ಅಂದ.
ಅಷ್ಟೇ. ಕ್ಷಮಿಸಲಿಲ್ಲ.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದಿದ್ದೇನೆ.
ಸೋಮವಾರ ನೂರಾ ಎರಡು. ಸಿಸ್ಟರನ್ನು ಕರೆದೆ.
ಬುಧವಾರ ನೂರು.
ಗುರುವಾರ ಅವನು ಗಂಜಿ ನುಂಗಿದ,
ಉಪ್ಪು ಸಾಲದು ಅಂದ,
ಆ ಶಬ್ದವನ್ನೂ ಅಂದ.
ಸಲೈನು ಹನಿಸಿ, ಗ್ಲೌಸಿನ ಕೈ ಎತ್ತಿ ಹಿಡಿದು
ಗೋಡೆಯ ಗಡಿಯಾರ ನೋಡುತ್ತ ನಿಂತೆ.
ನಾಲ್ಕು ನಿಮಿಷಕ್ಕೆ
ಬಟ್ಟೆ ತಾನಾಗಿಯೇ ಗಾಯವನ್ನು ಬಿಟ್ಟಿತು.

ನಾರ್ಮಲ್ ಎಂದು ಬರೆಯಬಹುದಿತ್ತು.
ಬರೆದದ್ದು:
ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು.