ಗುರುವಾರದವರು

ಜನವರಿ. ಸಫೋಕ್ ಸೀಮೆಯ ಸ್ನೇಪ್‌ವಿಕ್ ಬಯಲು.
ಮರಳು ನೆಲ, ಮೊಣಕಾಲೆತ್ತರದ ಹೆದರ್ ಪೊದೆ,
ಹೂವೆಲ್ಲ ಒಣಗಿ ತುಕ್ಕಿನ ಬಣ್ಣ.
ನಾವು ಒಂಬತ್ತು ಮಂದಿ, ಗರಗಸ ಏಳು,
ಕೈಗಾಡಿ ಒಂದು, ಅದರ ಚಕ್ರಕ್ಕೆ ಗಾಳಿಯಿಲ್ಲ.

ಬೆರಿಲ್ ವಾರವಾರದ ಮಂತ್ರ ಒಪ್ಪಿಸುತ್ತಾಳೆ:
ನಡೆವಾಗ ಗರಗಸದ ಹಲ್ಲು ಒರೆಯೊಳಗೆ,
ಒಬ್ಬರಿಂದೊಬ್ಬರಿಗೆ ಐದು ಹೆಜ್ಜೆ,
ಹಾವು ಮಲಗಿರುವ ದಿಬ್ಬದತ್ತ ಯಾರೂ ಸುಳಿಯಕೂಡದು,
ಬಿಸ್ಕತ್ತು ಹನ್ನೊಂದಕ್ಕೆ. ಅದಕ್ಕೂ ಮೊದಲು ಕೇಳಬೇಡಿ.

ನಮ್ಮ ಕೆಲಸ ಮರ ಕೊಲ್ಲುವುದು.
ಬೇರೆ ಮಾತಿನಲ್ಲೂ ಹೇಳಬಹುದು, ಕರಪತ್ರದಲ್ಲಿ ಹೇಳಿದ್ದಾರೆ.
ಆದರೆ ಮಂಡಿಯೂರಿ, ಬರ್ಚ್ ಸಸಿಯ ಬುಡಕ್ಕೆ ಹಲ್ಲು ಹಚ್ಚಿ,
ಆ ಬಿಳಿ ತೊಗಟೆ ಮಗುವಿನ ಮುಂಗೈಯಷ್ಟೇ ದಪ್ಪವಿರುವುದ ಕಂಡಾಗ
ಕರಪತ್ರ ನೆನಪಾಗುವುದಿಲ್ಲ.
ಬಿಟ್ಟರೆ ಹತ್ತೇ ವರ್ಷಕ್ಕೆ ಇದು ಕಾಡು.
ಕಾಡಾದರೆ ಬರಿನೆಲದ ಹಕ್ಕಿಗೆ ನೆಲವಿಲ್ಲ.
ಇಷ್ಟು ಗೊತ್ತಿದ್ದೂ ಕೈ ಒಂದು ಗಳಿಗೆ ತಡೆಯುತ್ತದೆ.

ನಾಯಿ ಹಿಡಿದು ಬಂದ ಹೆಂಗಸು ನಿಂತೇಬಿಟ್ಟಳು:
'ಊರೆಲ್ಲ ಮರ ನೆಡುತ್ತಿದೆ, ನಿಮಗೇನು ಬಂದಿದೆ ಕೇಡು?'
ಕ್ಲೆಮೆಂಟ್ ಗರ್ಲಿಂಗ್ ಟೋಪಿ ಎತ್ತಿದ:
'ಹೌದು ತಾಯಿ, ಚಳಿ ವಿಪರೀತ.'
ನಲವತ್ತು ವರ್ಷ ಮರದ ಮಿಲ್ಲಿನಲ್ಲಿ ದುಡಿದು
ಕಿವಿಯೆರಡನ್ನೂ ಅಲ್ಲೇ ಬಿಟ್ಟು ಬಂದವನು.
ಅವಳು ಬಾಯಿ ತೆರೆದಳು, ಮುಚ್ಚಿದಳು, ಹೋದಳು.
ನಾಯಿ ಮಾತ್ರ ಬಿಸ್ಕತ್ತಿನ ಚೀಲದತ್ತ ತಿರುತಿರುಗಿ ನೋಡಿತು.

ಕೋರಿಗೆ ಹತ್ತೊಂಬತ್ತು.
ಕೋರ್ಟು ವಿಧಿಸಿದ್ದು ಅರವತ್ತು ಗಂಟೆ ಬಿಟ್ಟಿ ದುಡಿಮೆ;
ಲೆಕ್ಕ ನವೆಂಬರಿನಲ್ಲೇ ಮುಗಿದಿದೆ.
ಯಾರೂ ಅದರ ಮಾತೆತ್ತಿಲ್ಲ, ಅವನೂ ಎತ್ತಿಲ್ಲ.
ಗುರುವಾರ ಬೆಳಿಗ್ಗೆ ಗೇಟಿನ ಹತ್ತಿರ
ಕೈಗವಸು ಹಲ್ಲಲ್ಲಿ ಕಚ್ಚಿ ನಿಂತಿರುತ್ತಾನೆ.
ಅಂದು ತನ್ನ ಪಾಲಿನ ಜಾಗದಲ್ಲಿ ಒಂದು ಬರ್ಚ್ ಉಳಿಸಿದ.
'ಯಾಕೆ?' ಎಂದಳು ಬೆರಿಲ್.
'ಸುಮ್ಮನೆ,' ಎಂದ.
ಬೆರಿಲ್ ಗಡಿಯಾರ ನೋಡಿ ಬಿಸ್ಕತ್ತಿನ ಡಬ್ಬಿ ತೆರೆದಳು.
ಹನ್ನೊಂದಕ್ಕೆ ಇನ್ನೂ ಎಂಟು ನಿಮಿಷವಿತ್ತು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ.
ನಮ್ಮ ಕೈಗೆ ಕೆಸರು, ಮುಳ್ಳು, ಹೊಗೆಯ ವಾಸನೆ;
ಮೊಸರೇನಿದ್ದರೂ ಆಫ್ರಿಕಾದಲ್ಲಿ ಚಳಿ ಕಳೆಯುತ್ತಿರುವ
ಯಾವುದೋ ಹಕ್ಕಿಯ ಬಾಯಿಗೆ.

ಜೂನ್. ಹತ್ತಾಗುತ್ತ ಬಂದರೂ ಪಡುವಣದಲ್ಲಿ ಇನ್ನೂ ಬೆಳಕಿನ ಗೆರೆ.
ನತ್ತಿಂಗ ಎಣಿಸಲು ಬಂದವರು ನಾಲ್ವರು:
ಕಾಗದ ಹಿಡಿದ ಕೋರಿ, ಬೆರಿಲ್, ನಾನು,
ಬರಬೇಡವೆಂದರೂ ಬಂದ ಕ್ಲೆಮೆಂಟ್.
ಸೊಳ್ಳೆಗಳು ನಮ್ಮನ್ನು ಎಣಿಸುತ್ತಿದ್ದವು.

ಆಮೇಲೆ ಶುರುವಾಯಿತು.
ಹಾಡಲ್ಲ ಅದು. ದೂರದ ಮನೆಯಲ್ಲಿ ಯಾರೋ
ಹೊಲಿಗೆ ಮಿಷನ್ನಿನ ಮೇಲೆ ಕಾಲಿಟ್ಟು ಮರೆತ ಹಾಗೆ
ರ್‌ರ್‌ರ್ ಎಂದು ಉಸಿರು ಕಟ್ಟದೆ.
ಎಲ್ಲಿಂದ ಅಂತೀರಿ? ಕೋರಿ ಉಳಿಸಿದ ಬರ್ಚಿನ ತುದಿಯಿಂದ.
ಕೋರಿ ಏನೂ ಅನ್ನಲಿಲ್ಲ. ಕತ್ತಲಲ್ಲಿ ಅವನ ಕಿವಿ ಕೆಂಪಾಗಿತ್ತೆಂದು
ಆಣೆಯಿಟ್ಟು ಹೇಳಬಲ್ಲೆ.

ಕ್ಲೆಮೆಂಟ್ ನಮ್ಮ ಮುಖಗಳ ನೋಡಿದ.
'ಬಂತೇ?'
ಹುಡುಗನಾಗಿದ್ದಾಗ ಇದೇ ಬಯಲಲ್ಲಿ ಕೇಳಿದ್ದನಂತೆ,
ಆಮೇಲೆ ಮಿಲ್ಲು, ಆಮೇಲೆ ಏನೂ ಇಲ್ಲ.
ನನ್ನ ಬಳಿ ಇದ್ದದ್ದು ಬಾಚಣಿಗೆ.
ಅವನ ಅಂಗೈಯಲ್ಲಿ ಅದನ್ನು ಒತ್ತಿಟ್ಟು
ಹಲ್ಲುಗಳ ಮೇಲೆ ಉಗುರೆಳೆದೆ, ಈ ತುದಿಯಿಂದ ಆ ತುದಿಗೆ,
ಮತ್ತೆ, ಮತ್ತೆ.
'ಅಲ್ಲ,' ಎಂದ, 'ಇನ್ನೂ ಬೇಗ.'
ಬೇಗ ಎಳೆದೆ.
'ಇನ್ನೂ.'
ಆಮೇಲೆ ಅವನು ಏನೂ ಹೇಳಲಿಲ್ಲ.

ಹಕ್ಕಿ ರೆಕ್ಕೆ ಚಟ್ಟೆಂದು ಬಡಿದು ಹಾರಿತು.
ನನ್ನ ಉಗುರು ನಿಲ್ಲುವುದು ತುಸು ತಡವಾಯಿತು.
ಗಂಡು, ಒಂದು, ಎಂದು ಕೋರಿ ಬರೆದುಕೊಂಡ.
ಕಡಿದ ಬುಡಗಳಲ್ಲಿ ಆಗಲೇ ಒಂದಕ್ಕೆ ಐದರಂತೆ ಚಿಗುರು,
ಬ್ಯಾಟರಿ ಬೆಳಕಿಗೆ ಎಳೆಯೆಲೆ ಮಿಂಚುತ್ತಿದ್ದವು.
ಮುಂದಿನ ಜನವರಿಗೆ ಕೆಲಸವಿದೆ.

ಬಾಚಣಿಗೆ ಕ್ಲೆಮೆಂಟನ ಜೇಬಿನಲ್ಲೇ ಹೋಯಿತು.
ನಾನು ಕೇಳಿಲ್ಲ.