ಎಲಿಜಿಬಲ್

ಕಂದು ಲಕೋಟೆ ಒಡೆದು ಡಲ್ಸಿ ಪೆನ್ನಿ
ಕನ್ನಡಕವನ್ನು ಮೂಗಿನ ತುದಿಗೆ ತಂದು
ಮೂರು ಸಲ ಓದಿದಳು: ನಾಟ್ ಎಲಿಜಿಬಲ್.
'ನಾಟ್' ದಪ್ಪಕ್ಷರದಲ್ಲಿ,
ಕಣ್ಣಿಲ್ಲದವರಿಗೂ ಕಾಣಲಿ ಎಂಬಂತೆ.

ಕಾಡ್ ಮೀನು ಮುಗಿಯಿತೆಂದು ಸರ್ಕಾರ
ನ್ಯೂಫೌಂಡ್‌ಲ್ಯಾಂಡಿನ ಕಡಲಿಗೇ ಬೀಗ ಹಾಕಿ ಎರಡು ಚಳಿಗಾಲ.
ಪರಿಹಾರ ಉಂಟು, ಅರ್ಹರಿಗೆ.
ಮೀನು ಸೀಳುವ ಶೆಡ್ಡಿನಲ್ಲಿ ಹತ್ತೊಂಬತ್ತು ವಾರ ದುಡಿದಿರಬೇಕು.
ಇವಳದು ಹದಿನೇಳೂವರೆ.
ಉಳಿದ ಒಂದೂವರೆ ವಾರ
ಸಾಯುತ್ತಿದ್ದ ಅತ್ತೆಯ ಬಾಯಿಗೆ ಚಮಚ ಹಿಡಿದು ಕೂತದ್ದು.
ಅದಕ್ಕೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ.

ಇದೇ ಪದ ಹಿಂದೊಮ್ಮೆ
ಚರ್ಚಿನ ಹಾಲಿನಲ್ಲಿ, ಅಕಾರ್ಡಿಯನ್ ಗದ್ದಲದ ನಡುವೆ
ಕಿವಿಗೆ ಬಿದ್ದಿತ್ತು. 'ಅಗೋ ಲಿಯಾಂಡರ್,
ಎಲಿಜಿಬಲ್ ಹುಡುಗ ಕಣೇ.'
ಸ್ವಂತ ದೋಣಿ, ಬಾಯ್ತುಂಬ ಹಲ್ಲು, ಅಷ್ಟೇ.
ಅವನಿಗೆ ಯಾರೂ ಫಾರಂ ತುಂಬಿಸಿರಲಿಲ್ಲ.

ಎಂಥ ಗುಣವಾಚಕವಪ್ಪ ಇದು,
ಗುಣವನ್ನೇ ಹೇಳದು!
ಸೇಬು ಕೆಂಪು ಎಂದರೆ
ಯಾರು ನೋಡದಿದ್ದರೂ ಅದು ಕೆಂಪೇ.
ಇದಕ್ಕೆ ಮಾತ್ರ ಇನ್ನೊಬ್ಬರ ಕೈ ಬೇಕು,
ಬೆನ್ನಿಗೊಂದು 'ಫಾರ್' ಬೇಕು: ಏತಕ್ಕೆ ಅರ್ಹ?
ಎಲ್ಲ ಇದ್ದರೂ ಸಿಕ್ಕಿತು ಎಂದಲ್ಲ,
ಸಿಗಬಹುದು ಎಂದು. ಸಾಲಿನಲ್ಲಿ ನಿಲ್ಲಬಹುದು ಎಂದು.

ಡಲ್ಸಿಯ ಅಪ್ಪ ಕಟ್ಟೆಯ ಮೇಲೆ
ಉಪ್ಪುಮೀನು ವಿಂಗಡಿಸುತ್ತಿದ್ದವನು.
ಬೆಳಕಿಗೆ ಹಿಡಿದು, ಮೂಸಿ, ಹೆಬ್ಬೆರಳಲ್ಲಿ ಒತ್ತಿ
ಇದು ಆ ರಾಶಿಗೆ, ಇದು ಈ ರಾಶಿಗೆ,
ಇದು ದೂರದ ಕಬ್ಬಿನ ತೋಟದ ಕೂಲಿಗಳಿಗೆ.
ಒಂದು ಮೀನೂ ಮೇಲ್ಮನವಿ ಸಲ್ಲಿಸಿದ್ದನ್ನು
ಅವನು ನೋಡಲಿಲ್ಲ.

ಆರಿಸು ಎಂದರೆ ನನ್ನ ನುಡಿಯಲ್ಲಿ
ಹೆಕ್ಕುವುದು. ಒಣಗಿಸುವುದೂ ಹೌದು.
ದೀಪಕ್ಕೆ ಮಾಡುವುದೂ ಅದನ್ನೇ.
ಡಲ್ಸಿಗೆ ಕನ್ನಡ ಬಾರದು.
ಆದರೂ ಆ ಸಂಜೆ
ನಾಳೆಯ ಸಾರಿಗೆ ಕೊಳೆಯದ ಆಲೂಗಡ್ಡೆ ಆರಿಸಿದಳು,
ಒಲೆಯ ಮೇಲಿನ ಹಗ್ಗಕ್ಕೆ ಹಾಕಿ
ಲಿಯಾಂಡರನ ಕಾಲುಚೀಲ ಆರಿಸಿದಳು.

ದೀಪ ಮಾತ್ರ ಆರಿಸಲಿಲ್ಲ.
ಪತ್ರ ಮಗುಚಿ, ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಕಿಸಿ
ಬೆನ್ನ ಮೇಲೆ ಬರೆಯತೊಡಗಿದಳು:
'ಮಾನ್ಯರೇ, ನನ್ನ ಅತ್ತೆಯ ಹೆಸರು ಟ್ರೈಫೀನಾ.
ಅವರಿಗೆ ಗಂಜಿ ಬಿಸಿ ಇರಬೇಕಿತ್ತು.'